ಒತ್ತಕ್ಷರ ಕತ್ತರಿಸದ ಪುಟ: ಹಳೆಯ ಫೋನಿಗೂ ಹೊಸ ಫೋನಿಗೂ ಒಂದೇ ಸಿಎಸ್‌ಎಸ್

ಮಲೆನಾಡಿನ ಒಂದು ವಾರಪತ್ರಿಕೆಯ ಜಾಲತಾಣವನ್ನು ಪುಟದ ರೂಪವನ್ನು ನಿರ್ಧರಿಸುವ ಸಂಕೇತಭಾಷೆಯಾದ ಸಿಎಸ್‌ಎಸ್ ಒಂದರಿಂದಲೇ ಎಲ್ಲ ಫೋನುಗಳಲ್ಲೂ ನೆಟ್ಟಗೆ ಕಾಣುವಂತೆ ಮಾಡುತ್ತೇನೆ ಎಂದಾಗ ಜೊತೆಯಲ್ಲಿ ಕೆಲಸ ಮಾಡುವವರು ಯಾರೂ ನಂಬಲಿಲ್ಲ. ಅದಕ್ಕೆ ಮೊದಲು ಪತ್ರಿಕೆಯವರು ಬೇರೆ ಕಡೆ ವಿಚಾರಿಸಿದ್ದರು. ತಾಣವನ್ನು ಹೊಸದಾಗಿ ಕಟ್ಟಲು ಸುಮಾರು ಒಂದೂವರೆ ಲಕ್ಷ ರೂಪಾಯಿಯ ಅಂದಾಜು ಅವರ ಕೈಗೆ ಬಂದಿತ್ತು. ನಾನು ಮೂವತ್ತು ಸಾವಿರದೊಳಗೆ ಮುಗಿಸಿಕೊಟ್ಟೆ. ಪುಟ ಒಡೆದಿದೆ ಎಂಬ ದೂರು ಆಮೇಲೆ ಓದುಗರಿಂದ ಬಂದಿಲ್ಲ.

ಮೊದಲ ಖರ್ಚು ಫೋನುಗಳದ್ದು. ಆನ್‌ಲೈನ್ ಪರೀಕ್ಷಾ ಸೇವೆಗೆ ತಿಂಗಳಿಗೆ ಮೂರು ಸಾವಿರದ ಆಸುಪಾಸು ತೆರುವ ಬದಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಆಂಡ್ರಾಯ್ಡ್ 4.4 ಫೋನನ್ನೂ ಐಓಎಸ್ 12ಕ್ಕೇ ನಿಂತುಹೋದ ಒಂದು ಐಫೋನ್ 6 ಅನ್ನೂ ಕೊಂಡೆ. ಎರಡೂ ಸೇರಿ ಏಳೆಂಟು ಸಾವಿರ ಆಗಿರಬೇಕು. ಈ ಎರಡರಲ್ಲಿ ಸರಿ ಕಂಡದ್ದು ಉಳಿದೆಡೆ ಕೆಟ್ಟ ಸಂದರ್ಭಗಳು ತೀರ ಕಡಿಮೆ.

ಹೆಚ್ಚು ಸಮಯ ತಿಂದದ್ದು ಶೀರ್ಷಿಕೆಗಳು. ಕೊಂಡು ತಂದ ಇಂಗ್ಲಿಷ್ ಥೀಮಿನಲ್ಲಿ (ಸಿದ್ಧ ವಿನ್ಯಾಸ) ಲೈನ್-ಹೈಟ್, ಅಂದರೆ ಅಕ್ಷರದ ಅಳತೆಗೆ ಸಾಲಿನ ಎತ್ತರ ಎಷ್ಟು ಪಟ್ಟು ಎಂಬ ಅಂಕಿ, 1.2 ಇತ್ತು; ಶೀರ್ಷಿಕೆಯನ್ನು ಎರಡು ಸಾಲಿಗೆ ನಿಲ್ಲಿಸುವ ಲೈನ್-ಕ್ಲ್ಯಾಂಪ್ ಇತ್ತು, ಪೆಟ್ಟಿಗೆ ಮೀರಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಇತ್ತು. ಎರಡನೆಯ ಸಾಲಿನಲ್ಲಿ ‘ಸ್ವಾತಂತ್ರ್ಯ’ವೋ ‘ರಾಷ್ಟ್ರೀಯ’ವೋ ಬಂದರೆ ಕೆಳಗಿನ ಒತ್ತುಗಳು ಅರ್ಧಕ್ಕೆ ಕತ್ತರಿಸಿಹೋಗುತ್ತಿದ್ದವು. ಎಲ್ಲರೂ ಹೇಳುವ ಪರಿಹಾರವೆಂದರೆ ಕೆಳಗೆ ಪ್ಯಾಡಿಂಗ್ (ಪೆಟ್ಟಿಗೆಯ ಒಳಗಿನ ಖಾಲಿ ಜಾಗ) ಕೊಡುವುದು. ಆದರೆ ಓವರ್‌ಫ್ಲೋ ಕತ್ತರಿಸುವುದು ಪ್ಯಾಡಿಂಗಿನ ಅಂಚಿನಲ್ಲಿ ಆದ್ದರಿಂದ ಒತ್ತಿನ ಜೊತೆಗೆ ಮೂರನೆಯ ಸಾಲಿನ ತಲೆಕಟ್ಟುಗಳೂ ಇಣುಕತೊಡಗಿದವು. ಓವರ್‌ಫ್ಲೋ ವಿಸಿಬಲ್ ಮಾಡಿದರೆ ಇಡೀ ಶೀರ್ಷಿಕೆ ಪೆಟ್ಟಿಗೆಯ ಹೊರಗೆ ಹರಿಯಿತು. ಕೊನೆಗೆ ಉಳಿದ ದಾರಿ ಲೈನ್-ಹೈಟ್ ಒಂದೇ: ಶೀರ್ಷಿಕೆಗೆ 1.65, ಬರಹಕ್ಕೆ 1.8ರ ಹತ್ತಿರ. ಮೇಲಿನ ಸಾಲಿನಲ್ಲಿ ‘ತ್ರ್ಯ’, ಅದರ ನೇರ ಕೆಳಗೆ ‘ಕೀ’ ಇಟ್ಟು, ಎರಡೂ ತಾಗದ ತನಕ ಅಂಕಿಯನ್ನು ಏರಿಸುತ್ತ ಹೋಗಿ ಇದನ್ನು ಕಂಡುಕೊಂಡೆ. ಅದೇ ಥೀಮಿನಲ್ಲಿ ಅಕ್ಷರಗಳ ನಡುವಿನ ಅಂತರ ಋಣದಲ್ಲಿತ್ತು. ಇಂಗ್ಲಿಷಿಗೆ ಅದು ಚೆಂದ, ಕನ್ನಡದಲ್ಲಿ ಅಕ್ಕಪಕ್ಕದ ಒತ್ತುಗಳು ಒಂದರ ಮೇಲೊಂದು ಏರುತ್ತವೆ. ಕನ್ನಡ ತಾಣದಲ್ಲಿ ಲೆಟರ್-ಸ್ಪೇಸಿಂಗ್ ಸೊನ್ನೆಯೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ಕಾಟ, ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸಿನ ಗ್ಯಾಪ್, ಅಂದರೆ ಅವುಗಳ ನಡುವಿನ ಅಂತರ. ಅದು ಕ್ರೋಮಿಗೆ ಬಂದದ್ದು 84ನೇ ಆವೃತ್ತಿಯಲ್ಲಿ, ಸಫಾರಿಗೆ 14.1ರಲ್ಲಿ; ಆಂಡ್ರಾಯ್ಡ್ 4.4ರ ಕ್ರೋಮ್ 81ಕ್ಕೇ ನಿಂತಿದೆ. ಅಲ್ಲಿ ಸುದ್ದಿಯ ಕಾರ್ಡುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಸೌಲಭ್ಯ ಗೊತ್ತೇ ಎಂದು ಬ್ರೌಸರನ್ನು ಕೇಳುವ ಅಟ್-ಸಪೋರ್ಟ್ಸ್‌ನಲ್ಲಿ ಗ್ಯಾಪ್ ಕೇಳಿದರೆ, ಗ್ರಿಡ್ಡಿನ (ಚೌಕಳಿಯಂಥ ಇನ್ನೊಂದು ಜೋಡಣೆ) ಗ್ಯಾಪ್ ಮಾತ್ರ ಇರುವ ಬ್ರೌಸರೂ ‘ಹೌದು’ ಎನ್ನುತ್ತದೆ, ಹಾಗಾಗಿ ಆ ಪರೀಕ್ಷೆಯಿಂದ ಉಪಯೋಗವಿಲ್ಲ. ಅದರ ಬದಲು ಇನ್‌ಸೆಟ್ (ಪೆಟ್ಟಿಗೆಯ ನಾಲ್ಕೂ ಬದಿಯ ದೂರವನ್ನು ಒಟ್ಟಿಗೆ ಹೇಳುವ ಗುಣ) ಇದೆಯೇ ಎಂದು ಕೇಳಿ: ಅದು ಕ್ರೋಮ್ 87, ಸಫಾರಿ 14.1ರಲ್ಲಿ ಬಂದದ್ದು, ಆದ್ದರಿಂದ ಇನ್‌ಸೆಟ್ ಇದ್ದಲ್ಲಿ ಫ್ಲೆಕ್ಸ್ ಗ್ಯಾಪ್ ಇದ್ದೇ ಇರುತ್ತದೆ. ಇಲ್ಲದ ಬ್ರೌಸರಿನಲ್ಲಿ ಒಳಗಿನ ಕಾರ್ಡುಗಳಿಗೆ 8 ಪಿಕ್ಸೆಲ್ ಮಾರ್ಜಿನ್ (ಹೊರಗಿನ ಅಂತರ), ಅವುಗಳನ್ನು ಹಿಡಿದ ಪೆಟ್ಟಿಗೆಗೆ ಅಷ್ಟೇ ಋಣ ಮಾರ್ಜಿನ್. ಹೊರಗಿನ ಆವರಣಕ್ಕೆ ಪ್ಯಾಡಿಂಗ್ ಇಲ್ಲದಿದ್ದರೆ ಮಾತ್ರ ಪುಟ ಅಡ್ಡಡ್ಡ ಜಾರುತ್ತದೆ. ಪರದೆಯಲ್ಲಿ ಆ ಹೊತ್ತಿಗೆ ಕಾಣುವ ಪೂರ್ತಿ ಎತ್ತರವನ್ನು ಹೇಳುವ ಹೊಸ ಅಳತೆ 100ಡಿವಿಎಚ್‌ಗೆ ಇಷ್ಟೂ ಬೇಡ, ಅದರ ಮೇಲಿನ ಸಾಲಿನಲ್ಲಿ ಹಳೆಯ ಅಳತೆ 100ವಿಎಚ್ ಬರೆದಿಟ್ಟರೆ ಸಾಕು; ಗೊತ್ತಿಲ್ಲದ ಸಾಲನ್ನು ಬ್ರೌಸರ್ ಬಿಟ್ಟುಬಿಡುತ್ತದೆ.

ಕನ್ನಡದ ಉದ್ದ ಪದಗಳ ಕಥೆ ಬೇರೆ. ‘ಜಿಲ್ಲಾಧಿಕಾರಿಗಳೊಂದಿಗಿನ’ ಎಂಬ ಒಂದೇ ಪದ 320 ಪಿಕ್ಸೆಲ್ ಪರದೆಯಲ್ಲಿ ಚಿತ್ರದ ಪಕ್ಕದ ಅಂಕಣವನ್ನು ಹೊರಕ್ಕೆ ತಳ್ಳುತ್ತಿತ್ತು. ಫ್ಲೆಕ್ಸ್‌ಬಾಕ್ಸಿನೊಳಗಿನ ಆ ಅಂಕಣಕ್ಕೆ ಮಿನ್-ವಿಡ್ತ್ (ಕನಿಷ್ಠ ಅಗಲ) ಸೊನ್ನೆ ಕೊಡದೆ, ಉದ್ದ ಪದವನ್ನು ಮುರಿಯುವ ಓವರ್‌ಫ್ಲೋ-ರ‍್ಯಾಪ್ ಬ್ರೇಕ್-ವರ್ಡ್ ಎಷ್ಟು ಬರೆದರೂ ಅದು ಅಲುಗುವುದಿಲ್ಲ; ಬ್ರೇಕ್-ವರ್ಡ್ ಬದಲು ‘ಎನಿವೇರ್’ ಬರೆದರೆ ಸಾಲುತ್ತದೆ, ಆದರೆ ಸಫಾರಿ ಅದನ್ನು ಗುರುತಿಸುವುದು 15.4ರಿಂದ. ವರ್ಡ್-ಬ್ರೇಕ್‌ನ ಬ್ರೇಕ್-ಆಲ್ ಹಾಕಿದಾಗ ಚಿಕ್ಕ ಪದಗಳೂ ಸಾಲಿನ ಕೊನೆಯಲ್ಲಿ ತುಂಡಾಗಿ ಓದಲಾಗದ ಸ್ಥಿತಿ ಬಂತು, ತಕ್ಷಣ ತೆಗೆದೆ. ಸಿಎಸ್‌ಎಸ್ ಸಾಲದ ಇಲ್ಲಿ ಮಾತ್ರ ಈಗ ಉದ್ದ ಪದಗಳ ಒಳಗೆ ಸಾಫ್ಟ್ ಹೈಫನ್ (ಪದ ಮುರಿದಾಗಷ್ಟೇ ಕಾಣುವ ಅಡ್ಡಗೆರೆ) ಸೇರಿಸುವ ಒಂದು ಚಿಕ್ಕ ಪ್ರೋಗ್ರಾಂ ಬಳಸುತ್ತಿದ್ದೇನೆ. ವಿಭಕ್ತಿ ಪ್ರತ್ಯಯದ ಮೊದಲು ಮುರಿಯಬೇಕೇ ಹೊರತು ಎಲ್ಲೆಂದರಲ್ಲಿ ಅಲ್ಲ ಎಂಬಷ್ಟನ್ನು ಹೇಳಬಲ್ಲೆ. ಅದರ ನಿಯಮಗಳ ಪಟ್ಟಿ ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಕೊಡುವುದಿಲ್ಲ.

ನಡುವೆ ಫಾಂಟಿನ ಮೇಲೂ ಒಂದಷ್ಟು ಪ್ರಯೋಗ ಮಾಡಿದೆ. ತಾಣದ ಫಾಂಟಾದ ನೋಟೋ ಸಾನ್ಸ್ ಕನ್ನಡ ಇಳಿದು ಬರುವ ಮುನ್ನ ಕಾಣುವ ಫೋನಿನ ಫಾಂಟು ಎತ್ತರದಲ್ಲಿ ಬೇರೆಯಾಗಿದ್ದು, ಫಾಂಟು ಬಂದೊಡನೆ ಇಡೀ ಪುಟ ಜಿಗಿಯುತ್ತಿತ್ತು. ಫಾಂಟಿನ ಎತ್ತರದ ಅಳತೆಯನ್ನು ತಿದ್ದುವ ಅಸೆಂಟ್-ಓವರ್‌ರೈಡ್‌ನಿಂದ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಜಿಗಿತ ನಿಂತಿತು, ಸಫಾರಿಯಲ್ಲಿ ಕೆಲಸಕ್ಕೆ ಬರಲಿಲ್ಲ. ಲೈನ್-ಹೈಟ್ ಅನ್ನು ಎಲ್ಲ ಕಡೆ ಸ್ಪಷ್ಟ ಅಂಕಿಯಲ್ಲೇ ಕೊಟ್ಟ ಮೇಲೆ ಎಲ್ಲದರಲ್ಲೂ ಬಹುಪಾಲು ಸ್ಥಿರವಾಯಿತು. ಫಾಂಟು ಯಾವ ಅಕ್ಷರಗಳಿಗೆ ಎಂದು ಹೇಳುವ ಯೂನಿಕೋಡ್-ರೇಂಜ್ ಬರೆಯುವವರು ಕನ್ನಡ ಅಕ್ಷರಗಳ 0ಸಿ80ರಿಂದ 0ಸಿಎಫ್‌ಎಫ್‌ಗೆ ನಿಲ್ಲಿಸದೆ, ಅಕ್ಷರ ಬೆಸೆಯದಂತೆ ತಡೆಯುವ 200ಸಿ, ಬೆಸೆಯುವ 200ಡಿ ಎಂಬ ಕಾಣದ ಗುರುತುಗಳನ್ನೂ ಸೇರಿಸಿಕೊಳ್ಳಿ. ‘ರಾಜ್‌ಕುಮಾರ್’ ಎಂದು ಬರೆಯಲು ಮೊದಲನೆಯದು ಬೇಕೇ ಬೇಕು.

ಹಳೆಯ ಸಿಎಸ್‌ಎಸ್ ಕಡತ 180 ಕೆಬಿ ಹತ್ತಿರ ಇತ್ತು, ಈಗಿನದು ಇಪ್ಪತ್ತನ್ನೂ ಮುಟ್ಟುವುದಿಲ್ಲ. ಬಗೆಹರಿಯದೆ ಉಳಿದಿರುವುದು 336 ಪಿಕ್ಸೆಲ್ ಅಗಲದ ಜಾಹೀರಾತಿನ ಐಫ್ರೇಮ್ (ಬೇರೆ ಪುಟವನ್ನು ಒಳಗೆ ತೋರಿಸುವ ಚೌಕಟ್ಟು) ಒಂದೇ. ಸಣ್ಣ ಪರದೆಗೆ 300ರ ಅಳತೆಯನ್ನೇ ಕೇಳಿ ಪಡೆಯಿರಿ ಎಂದು ಪತ್ರಿಕೆಯವರಿಗೆ ಹೇಳಿದ್ದೇನೆ. ಅದು ಬರುವವರೆಗೆ ಆ ಪೆಟ್ಟಿಗೆಗೆ ಓವರ್‌ಫ್ಲೋ-ಎಕ್ಸ್ ಆಟೋ ಕೊಟ್ಟು, ಜಾರುವುದಿದ್ದರೆ ಅದೊಂದೇ ಜಾರುವಂತೆ ಮಾಡಿದ್ದೇನೆ.