ಕಾರ್ಬ್ಯುರೇಟರ್ ಬಿಚ್ಚುವ ಮೊದಲು

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟಗಳಿಂದ ನನ್ನ ಶೆಡ್ಡಿಗೆ ಬರುವ ಮಿಶನುಗಳಿಗೂ ಒಂದು ಋತುಮಾನ ಇದೆ. ಮೇ ತಿಂಗಳ ಕೊನೆಗೆ ಅಡಿಕೆಗೆ ಮದ್ದು ಬಿಡುವ ಸ್ಪ್ರೇಯರುಗಳು. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ತುಸು ಬಿಡುವು ಕೊಟ್ಟ ಕೂಡಲೇ ಹುಲ್ಲು ತೆಗೆಯುವ ಮಿಶನುಗಳು; ಹಣ್ಣಡಿಕೆ ಬೀಳುವ ಮೊದಲು ತೋಟದ ನೆಲ ಕಾಣಬೇಕಲ್ಲ. ನವೆಂಬರ್ ಕಳೆದ ಮೇಲೆ ಮರ ಕೊಯ್ಯುವ ಚೈನ್ ಸಾ. ತರುವವರ ಮಾತು ಮಾತ್ರ ವರ್ಷವಿಡೀ ಒಂದೇ: "ಕಾರ್ಬ್ಯುರೇಟರ್ ಹೋಗಿದೆ, ಅದೊಂದು ನೋಡಿ." ಅಷ್ಟರಲ್ಲಿ ಮನೆಯವರೋ ನೆಂಟರೋ ಅದರ ಸ್ಕ್ರೂಗಳನ್ನು ಒಂದಷ್ಟು ತಿರುಗಿಸಿಯೂ ಆಗಿರುತ್ತದೆ. ಪೆಟ್ರೋಲನ್ನು ಗಾಳಿಯ ಜತೆ ಬೆರೆಸಿ ಇಂಜಿನಿಗೆ ಕೊಡುವ ಈ ಕಾರ್ಬ್ಯುರೇಟರಿಗೆ ನಾನು ಕೈ ಹಾಕುವುದು ಕಟ್ಟಕಡೆಗೆ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಪೆಟ್ರೋಲ್ ಕೆಟ್ಟಿದೆಯೇ ಎಂದು ಮೂಸುತ್ತೇನೆ.

ಕೆಲಸ ಕಲಿತದ್ದು ಸೀಮೆಎಣ್ಣೆ ಪಂಪುಗಳಲ್ಲಿ. ಪಯಸ್ವಿನಿ, ಶಿರಿಯ ಹೊಳೆಯ ಬದಿಯ ತೋಟಗಳಲ್ಲೆಲ್ಲ ಆಗ ಅವೇ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಹಾಕುವುದು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರುವುದು. ಇಲ್ಲದಿದ್ದರೆ ಮರುದಿನ ಹಗ್ಗ ಎಳೆದು ತೋಳು ಸೋತೀತು. ಆ ಇಂಜಿನುಗಳಿಗೆ ಸಹನೆ ಜಾಸ್ತಿ ಇತ್ತು. ಕಸ ಬಿದ್ದರೂ ಕಾರ್ಬ್ಯುರೇಟರಿನ ಅಡಿಯ ಪೆಟ್ರೋಲ್ ಬಟ್ಟಲು, ಅಂದರೆ ಬೌಲ್, ಬಿಚ್ಚಿ ಊದಿದರೆ ಮುಗಿಯಿತು. ಈಗಿನ ಚೈನ್ ಸಾ, ಹುಲ್ಲು ತೆಗೆಯುವ ಬ್ರಷ್ ಕಟ್ಟರುಗಳಲ್ಲಿ ಬೌಲೂ ಇಲ್ಲ, ಅದರಲ್ಲಿ ತೇಲುವ ಫ್ಲೋಟೂ ಇಲ್ಲ. ಅಡ್ಡ ಹಿಡಿದರೂ ತಲೆಕೆಳಗೆ ಹಿಡಿದರೂ ಓಡಬೇಕೆಂದು ರಬ್ಬರಿನ ತೆಳು ಪೊರೆ, ಡಯಾಫ್ರಾಮ್, ಇಟ್ಟಿದ್ದಾರೆ. ಕೂದಲು ತೂರುವಷ್ಟು ತೂತುಗಳಲ್ಲಿ ಪೆಟ್ರೋಲ್ ಹೋಗಬೇಕು. ಹಾಗಾಗಿ ಇಂಧನ ಕೆಟ್ಟರೆ ಇವು ಸಹಿಸುವುದಿಲ್ಲ.

ಇಂಧನ ಕೆಡುವುದೂ ಈಗ ಬೇಗ. 2025ರಿಂದ ಪಂಪಿನಲ್ಲಿ ಸಿಗುವುದು ಹೆಚ್ಚುಕಡಿಮೆ ಎಲ್ಲ ಕಡೆ ಇ20, ಅಂದರೆ 20% ಎಥನಾಲ್ ಬೆರೆತದ್ದು. ನನ್ನಲ್ಲಿಗೆ ಬರುವ ಬಹುತೇಕ ಸಣ್ಣ ಮಿಶನುಗಳ ಪುಸ್ತಕದಲ್ಲಿ 10%ಕ್ಕಿಂತ ಹೆಚ್ಚು ಬೇಡ ಎಂದು ಬರೆದಿರುತ್ತದೆ. ನಂಬಿಕೆ ಬಾರದವರಿಗೆ ಗೀಟು ಇರುವ ಗಾಜಿನ ಅಳತೆಗೊಳವೆಯಲ್ಲಿ 90 ಮಿ.ಲೀ. ಪೆಟ್ರೋಲ್, 10 ಮಿ.ಲೀ. ನೀರು ಹಾಕಿ ಕುಲುಕಿ ತೋರಿಸುತ್ತೇನೆ. ಐದು ನಿಮಿಷ ಬಿಟ್ಟರೆ ಕೆಳಗಿನ ನೀರಿನ ಪದರ 10ರಲ್ಲಿ ನಿಲ್ಲುವುದಿಲ್ಲ, 25ರ ಮೇಲೆ ಹೋಗುತ್ತದೆ. ಹೆಚ್ಚಾದದ್ದು ನೀರು ಎಳೆದುಕೊಂಡ ಎಥನಾಲ್. ಜೂನ್–ಜುಲೈಯ ನಮ್ಮ ಗಾಳಿಯಲ್ಲಿ ಅರ್ಧ ಖಾಲಿ ಕ್ಯಾನ್ ಇಟ್ಟರೆ ಇದೇ ಕೆಲಸ ನಿಧಾನವಾಗಿ ನಡೆಯುತ್ತದೆ. ತೇವ ಮಿತಿಮೀರಿದಾಗ ಎಥನಾಲೂ ನೀರೂ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಫಿಲ್ಟರ್ ಮಲಗಿರುವುದೂ ಆ ತಳದಲ್ಲೇ. ಚೈನ್ ಸಾದಂಥ ಮಿಶನುಗಳಿಗೆ ಪೆಟ್ರೋಲಿನಲ್ಲೇ ಬೆರೆಸುವ ಟೂ ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಿನ ಜತೆಯೇ ಉಳಿಯುತ್ತದೆ. ಇಂಜಿನ್ ಕುಡಿಯುವುದು ಆಯಿಲ್ ಇಲ್ಲದ ನೀರುಸಾರ.

ಆದ್ದರಿಂದ ನನ್ನ ಗಿರಾಕಿಗಳಿಗೆ ನಾನು ಬಿಡದೆ ಹೇಳುವುದು: ಒಂದು ವಾರದ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಬೆರೆಸಿ. ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಆದರೆ 50ಕ್ಕೆ 1, ಲೀಟರಿಗೆ 20 ಮಿ.ಲೀ. ಸಾಮಾನ್ಯದ್ದಾದರೆ 25ಕ್ಕೆ 1, ಲೀಟರಿಗೆ 40. ಮೆಡಿಕಲಿನಲ್ಲಿ ಸಿಗುವ 20 ಮಿ.ಲೀ. ಸಿರಿಂಜ್ ಇದಕ್ಕೆ ಸಾಕು. "ಆಯಿಲ್ ಸ್ವಲ್ಪ ಜಾಸ್ತಿ ಬಿದ್ದರೆ ಇಂಜಿನಿಗೆ ಒಳ್ಳೆಯದಲ್ವಾ?" ಎಂದು ಕೇಳುವವರು ಬಹಳ. ಒಳ್ಳೆಯದಲ್ಲ ಮಾರಾಯ್ರೆ. ಆಯಿಲ್ ಹೆಚ್ಚಾದಷ್ಟು ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಸೈಲೆನ್ಸರ್ ತೂತಿನಲ್ಲಿ ಮಸಿ ಕಟ್ಟುತ್ತದೆ.

ಮೂಸಿ ಆದ ಮೇಲೆ ಕಿಡಿ ಹಾರಿಸುವ ಪ್ಲಗ್. ಐದಾರು ಸಲ ಹಗ್ಗ ಎಳೆದು ಬಿಚ್ಚಿದಾಗ ಒಣಗಿದ್ದರೆ ಪೆಟ್ರೋಲ್ ಮೇಲೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿ ಇಲ್ಲ, ಇಲ್ಲವೇ ಗಾಳಿ ತಡೆಯುವ ಚೋಕ್ ಎಳೆದು ಎಳೆದು ಇಂಜಿನ್ ಪೆಟ್ರೋಲಿನಿಂದ ತುಂಬಿಹೋಗಿದೆ. ತುಂಬಿದ್ದಾದರೆ ಪ್ಲಗ್ ಹೊರಗಿಟ್ಟು, ಚೋಕ್ ತೆಗೆದು, ಹಗ್ಗ ಎಳೆದು ಒಳಗಿನದನ್ನು ಹೊರಹಾಕಿದರೆ ಆಯಿತು. ಕಿಡಿ ನೋಡುವಾಗ ಪ್ಲಗ್ಗನ್ನು ಅದರ ತೂತಿನಿಂದ ದೂರ ಹಿಡಿಯಬೇಕು, ಅಲ್ಲಿಂದ ಹೊರಬರುವುದು ಪೆಟ್ರೋಲಿನ ಆವಿ. ಹೆಚ್ಚಿನ ಚೈನ್ ಸಾಗಳ ಪ್ಲಗ್ ಗ್ಯಾಪ್ 0.5 ಮಿ.ಮೀ. ಕಿಡಿ ದುರ್ಬಲವಾಗಿದ್ದರೆ ತಿರುಗುವ ಫ್ಲೈವೀಲಿಗೂ ಕಿಡಿಯ ಕರೆಂಟ್ ಹುಟ್ಟಿಸುವ ಕಾಯಿಲಿಗೂ ನಡುವಿನ ಸಂದು ನೋಡುತ್ತೇನೆ. ತುಕ್ಕು ಉಜ್ಜಿ ತೆಗೆದು, ಒಂದು ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಸ್ಕ್ರೂ ಬಿಗಿದರೆ ಬೇಕಾದ ಅಂತರ ಸುಮಾರಾಗಿ ಸಿಗುತ್ತದೆ.

ಇನ್ನೊಂದು ದೂರು: "ಹತ್ತು ನಿಮಿಷ ಚೆನ್ನಾಗಿ ಓಡ್ತದೆ, ಮತ್ತೆ ನಿಲ್ತದೆ. ತಣ್ಣಗಾದ ಮೇಲೆ ಪುನಃ ಓಡ್ತದೆ." ಪೆರ್ಲದ ಕಡೆಯ ಕೃಷಿಕರೊಬ್ಬರು ಇದೇ ಕಾರಣಕ್ಕೆ ಬೇರೆ ಕಡೆ ಕಾಯಿಲನ್ನೂ ಕಾರ್ಬ್ಯುರೇಟರನ್ನೂ ಬದಲಿಸಿ ತಂದಿದ್ದರು. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಸಡಿಲಿಸಿದೆ. 'ಸುಯ್' ಎಂದು ಗಾಳಿ ಒಳಗೆ ಹೋಯಿತು, ಮಿಶನ್ ಓಡಿತು. ಟ್ಯಾಂಕಿಗೆ ಗಾಳಿ ಬರುವ ವೆಂಟ್ ಮರದ ಹುಡಿಯಲ್ಲಿ ಕಟ್ಟಿತ್ತು. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಬರದಿದ್ದರೆ ಕಾರ್ಬ್ಯುರೇಟರ್ ಎಷ್ಟು ಎಳೆದರೂ ಬರುವುದಿಲ್ಲ.

ಆಮೇಲೆ ಸೈಲೆನ್ಸರ್. ತಿಂಗಳುಗಟ್ಟಲೆ ಮೂಲೆಯಲ್ಲಿ ಕುಳಿತ ಮಿಶನಿನ ಸೈಲೆನ್ಸರಿನೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುವುದು ಇಲ್ಲಿ ಸಾಮಾನ್ಯ. ಹೊಗೆ ಹೋಗಲು ದಾರಿ ಇಲ್ಲದಿದ್ದರೆ ಇಂಜಿನ್ ಓಡುವುದಾದರೂ ಹೇಗೆ? ಅದನ್ನು ಬಿಚ್ಚಿದಾಗಲೇ ಟಾರ್ಚ್ ಹಾಕಿ ಪಿಸ್ಟನನ್ನೂ ನೋಡಿಬಿಡುತ್ತೇನೆ. ಅದು ನುಣುಪಾಗಿ ಹೊಳೆಯುತ್ತಿದ್ದರೆ ಮುಂದಿನ ಕೆಲಸಕ್ಕೆ ಅರ್ಥ ಇದೆ. ಸೈಲೆನ್ಸರ್ ಬದಿಯಲ್ಲಿ ಉದ್ದುದ್ದ ಗೀರು ಬಿದ್ದಿದ್ದರೆ ಆಯಿಲ್ ಇಲ್ಲದೆ ಓಡಿದೆ, ಅಥವಾ ಎಲ್ಲಿಂದಲೋ ಗಾಳಿ ಹೊಕ್ಕು ಮಿಶ್ರಣ ತೆಳುವಾಗಿ, ಅಂದರೆ ಪೆಟ್ರೋಲ್ ಸಾಲದೆ, ಕಾದಿದೆ. ಕಾರ್ಬ್ಯುರೇಟರ್ ಬದಿಯಲ್ಲಿ ಗೀರಿದ್ದರೆ ಏರ್ ಫಿಲ್ಟರಿನಿಂದ ಧೂಳು ಹೋಗಿದೆ. ಇಲ್ಲಿಗೆ ಮಾತು ದರದ್ದಾಗುತ್ತದೆ. ಹೆಸರಿಲ್ಲದ ಅಗ್ಗದ 58 ಸಿಸಿ ಸಾಗಳಿಗೆ ಸಿಲಿಂಡರ್, ಪಿಸ್ಟನ್, ಸೀಲ್ ಎಲ್ಲ ಹಾಕಿ ಕೂಲಿ ಸೇರಿಸಿದರೆ ಹೊಸದರ ಬೆಲೆಯ ಹತ್ತಿರ ಬರುತ್ತದೆ. ಅಂಥವನ್ನು ಬಿಚ್ಚಿದ ಸ್ಥಿತಿಯಲ್ಲೇ ತೋರಿಸಿ ವಾಪಸು ಕಳಿಸುತ್ತೇನೆ. ಒಳ್ಳೆಯ ಕಂಪೆನಿಯದ್ದಾದರೆ ಖರ್ಚು ಮಾಡಬಹುದು, ಬಿಡಿಭಾಗ ಪುತ್ತೂರು, ಮಂಗಳೂರಿನಲ್ಲಿ ಸಿಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಓಡದಿದ್ದರೆ ಮಾತ್ರ ಕಾರ್ಬ್ಯುರೇಟರ್. ಅದಕ್ಕೂ ಮೊದಲು ಟ್ಯಾಂಕಿನೊಳಗಿನ ಪೈಪ್ ಹಿಡಿದು ಬಗ್ಗಿಸಿ ನೋಡುತ್ತೇನೆ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದೇ ಕಳ್ಳ, ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಕಾರ್ಬ್ಯುರೇಟರಿಗೆ ಎರಡು ಮುಚ್ಚಳ. ಒಂದರ ಅಡಿಯಲ್ಲಿ ಪಂಪಿನ ಡಯಾಫ್ರಾಮ್ ಮತ್ತು ಉಗುರಿನಷ್ಟೂ ಅಗಲವಿಲ್ಲದ ಜಾಳಿಗೆ, ಇನ್ನೊಂದರ ಅಡಿಯಲ್ಲಿ ಎಷ್ಟು ಪೆಟ್ರೋಲ್ ಬಿಡಬೇಕೆಂದು ನೋಡಿಕೊಳ್ಳುವ ಅಳತೆಯ ಡಯಾಫ್ರಾಮ್. ಆ ಜಾಳಿಗೆಯಲ್ಲಿ ಕಂದು ಬಣ್ಣದ ಅಂಟು ಕೂತಿರುವುದೇ ಹೆಚ್ಚು. ಅಳತೆಯ ಡಯಾಫ್ರಾಮನ್ನು ಬೆರಳಲ್ಲಿ ಒತ್ತಿದರೆ ಸದ್ದಿಲ್ಲದೆ ಬಗ್ಗಬೇಕು. ಹಪ್ಪಳದ ಹಾಗೆ ಚಟಪಟ ಎಂದರೆ ಅದರ ಆಯುಷ್ಯ ಮುಗಿದಿದೆ, ಹೊಸ ಡಯಾಫ್ರಾಮ್, ಗ್ಯಾಸ್ಕೆಟ್‌ಗಳ ಕಿಟ್ ಹಾಕಬೇಕು. ಜೋಡಿಸುವಾಗ ಕ್ರಮ ತಪ್ಪುವವರು ಬಹಳ. ಅಳತೆಯ ಬದಿಯಲ್ಲಿ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಾಮ್. ಪಂಪಿನ ಬದಿಯಲ್ಲಿ ತಿರುಗುಮುರುಗು: ಮೊದಲು ಡಯಾಫ್ರಾಮ್, ಮೇಲೆ ಗ್ಯಾಸ್ಕೆಟ್. ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಂಡರೆ ತಲೆಬಿಸಿ ಇಲ್ಲ. ಒಳಗಿನ ಸಣ್ಣ ಲಿವರನ್ನು ಅಂದಾಜಿಗೆ ಬಗ್ಗಿಸಬಾರದು, ತೂತುಗಳಿಗೆ ಸೂಜಿ ಹಾಕಬಾರದು. ಕ್ಲೀನರ್ ಸ್ಪ್ರೇ, ಗಾಳಿ, ಅಷ್ಟೇ.

ಸ್ಕ್ರೂ ಮೂರು: ಎಲ್ ನಿಧಾನಗತಿಯ ಪೆಟ್ರೋಲಿಗೆ, ಎಚ್ ಪೂರ್ತಿ ವೇಗದ ಪೆಟ್ರೋಲಿಗೆ, ಮೂರನೆಯದು ಐಡಲಿಗೆ, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗಿನ ಓಟಕ್ಕೆ. ಎಲ್ ಮತ್ತು ಎಚ್ ಎರಡನ್ನೂ ಮೆಲ್ಲನೆ ತಳಮುಟ್ಟಿಸಿ ಒಂದು ಸುತ್ತು ಹಿಂದೆ ತೆಗೆದರೆ ಹೆಚ್ಚಿನವು ಸ್ಟಾರ್ಟ್ ಆಗುತ್ತವೆ. ನಿಖರ ಸುತ್ತು ಆಯಾ ಮಿಶನಿನ ಪುಸ್ತಕದಲ್ಲಿ ಇದೆ. ಹೊಂದಿಸುವುದು ಇಂಜಿನ್ ಬಿಸಿಯಾದ ಮೇಲೆ, ಏರ್ ಫಿಲ್ಟರ್ ತೊಳೆದು ಹಾಕಿದ ಮೇಲೆ. ಎಚ್ ಹೊಂದಿಸಲು ಕಿವಿ ಬೇಕು. ಮರಕ್ಕೆ ತಾಗಿಸದೆ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಸ್ವಲ್ಪ ಗೊರಗೊರ ಕೇಳಬೇಕು, ಮರಕ್ಕೆ ಇಳಿಸಿದಾಗ ಅದು ಮಾಯವಾಗಬೇಕು. ಗೊರಗೊರ ಇಲ್ಲದೆ ಕೀಚಲು ಸ್ವರದಲ್ಲಿ ಕಿರುಚಿದರೆ ಕೇಳಲು ಜೋರು, ಆದರೆ ಪಿಸ್ಟನ್ ಸುಡುತ್ತಿದೆ. ಇ20ರಲ್ಲಿ ಆಮ್ಲಜನಕ ಹೆಚ್ಚಿರುವುದರಿಂದ ಮಿಶ್ರಣ ತಾನಾಗಿ ತೆಳುವಾಗುತ್ತದೆ. ಹಾಗಾಗಿ ಈಗ ಎಚ್ ಸ್ಕ್ರೂ ಮೊದಲಿಗಿಂತ ಕೂದಲೆಳೆ ಹೆಚ್ಚು ಬಿಚ್ಚಿಡುತ್ತೇನೆ. ಐಡಲಿನಲ್ಲಿ ಚೈನ್ ತಿರುಗಲೇಬಾರದು, ಅದು ತಿರುಗುವ ಸಾ ನನ್ನ ಶೆಡ್ಡಿನಿಂದ ಹೊರಗೆ ಹೋಗುವುದಿಲ್ಲ.

ಹೋಂಡಾ ಜಿಎಕ್ಸ್35 ಇರುವ ಹುಲ್ಲಿನ ಮಿಶನುಗಳ ಕತೆ ಬೇರೆ. ಅದು ಫೋರ್ ಸ್ಟ್ರೋಕ್, ಬರೀ ಪೆಟ್ರೋಲ್ ಸಾಕು. ಇಂಜಿನಿಗೆ ಪ್ರತ್ಯೇಕ 100 ಮಿ.ಲೀ. ಆಯಿಲ್. ಮನೆಯಲ್ಲಿ ಎರಡೂ ಜಾತಿಯ ಮಿಶನ್ ಇದ್ದು ಕ್ಯಾನ್ ಅದಲುಬದಲಾದರೆ ಇದಕ್ಕೆ ಹೊಗೆ ಬಂದೀತು, ಬದುಕೀತು. ಅದೇ ಚೈನ್ ಸಾಗೆ ಬರೀ ಪೆಟ್ರೋಲ್ ಬಿದ್ದರೆ ಕೆಲವೇ ನಿಮಿಷದಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕ್ಯಾನ್‌ಗಳಿಗೆ ಬೇರೆ ಬೇರೆ ಬಣ್ಣ ಬಳಿಯಿರಿ.

ಮದ್ದಿನ ಸ್ಪ್ರೇಯರಿನಲ್ಲಿ ಇಂಜಿನಿಗಿಂತ ಪಂಪಿನದ್ದೇ ಗೋಳು. 100 ಲೀಟರ್ ನೀರಿಗೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ಇದು ಎಲ್ಲರಿಗೂ ಗೊತ್ತು. ಹದ ನೋಡಲು ಕತ್ತಿಯ ಬಾಯಿ ಅದ್ದುವುದೂ ಗೊತ್ತು. ಕೆಂಪಾದರೆ ಸುಣ್ಣ ಸಾಲದು, ಕಬ್ಬಿಣದ ಮೇಲೆ ತಾಮ್ರ ಕೂತಿದೆ. ಕತ್ತಿಗೆ ಆಗುವುದು ಪಂಪಿನ ಕಬ್ಬಿಣ, ಅಲ್ಯೂಮಿನಿಯಮ್ ಭಾಗಗಳಿಗೂ ಆಗುತ್ತದೆ ಎಂಬುದು ಮಾತ್ರ ಯಾರಿಗೂ ನೆನಪಿಲ್ಲ. ಸುಣ್ಣ ಸರಿಯಾಗಿ ಸೋಸದಿದ್ದರೆ ಅದರ ಮರಳು ಪಂಪಿನ ಪ್ಯಾಕಿಂಗನ್ನು ತೇಯುತ್ತದೆ. ಈಗ ಮರ ಹತ್ತದೆ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ಕೆಳಗಿನಿಂದಲೇ ಮದ್ದು ಬಿಡುವವರು ಹೆಚ್ಚು, ಪ್ರೆಷರ್ ಸ್ವಲ್ಪ ಇಳಿದರೂ ಮದ್ದು ಗೊನೆಗೆ ತಲುಪುವುದಿಲ್ಲ. ಸಂಜೆ ಒಂದು ಬಕೆಟ್ ಒಳ್ಳೆಯ ನೀರನ್ನು ಪಂಪಿನಲ್ಲಿ ಓಡಿಸಿ, ಗ್ರೀಸ್ ಕಪ್ ಒಂದು ಸುತ್ತು ತಿರುಗಿಸಿದರೆ ಅರ್ಧ ರಿಪೇರಿ ಉಳಿಯುತ್ತದೆ.

ಚೈನಿನ ವಿಷಯ. "ಸಾಗೆ ಪವರ್ ಇಲ್ಲ" ಎಂದು ತಂದವರಿಗೆ ಎಷ್ಟೋ ಸಲ ಇಂಜಿನ್ ಮುಟ್ಟದೆ ಚೈನಿನ ಹಲ್ಲಿಗೆ ಅರ (ಫೈಲ್) ಹಾಕಿ ಕೊಟ್ಟಿದ್ದೇನೆ. ಕೊಯ್ಯುವಾಗ ಚಕ್ಕೆ ಬಂದರೆ ಚೈನ್ ಹರಿತ, ಹಿಟ್ಟಿನಂಥ ಹುಡಿ ಬಂದರೆ ಮೊಂಡು. ಒಂದೇ ಬದಿಗೆ ಎಳೆದರೆ ಎರಡು ಬದಿಯ ಹಲ್ಲು ಸಮ ಇಲ್ಲ. ತೆಂಗಿನ ಮರದ ಹೊರಸುತ್ತು ಬಹಳ ಗಟ್ಟಿ, ಅದು ಚೈನನ್ನು ಬೇಗ ಮೊಂಡು ಮಾಡುತ್ತದೆ. ತೆಂಗು ಕಡಿಯುವ ದಿನ ಟ್ಯಾಂಕ್ ತುಂಬಿಸುವಾಗಲೆಲ್ಲ ಪ್ರತಿ ಹಲ್ಲಿಗೆ ಎರಡು ಮೂರು ಸಲ ಅರ ಎಳೆಯಲೇಬೇಕು. ಅರದ ದಪ್ಪ ಚೈನಿನ ಅಳತೆಗೆ (ಪಿಚ್, ಇಂಚಿನಲ್ಲಿ) ತಕ್ಕದ್ದಿರಲಿ: ಸಣ್ಣ ಸಾಗಳ 3/8 ಪಿಕೋ ಚೈನಿಗೆ 4 ಮಿ.ಮೀ., .325ಕ್ಕೆ 4.8, ದೊಡ್ಡ 3/8ಕ್ಕೆ 5.2. ಕೋನ 30 ಡಿಗ್ರಿ, ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ. ಹಲ್ಲು ತೇದಷ್ಟು ಅದರ ಮುಂದಿನ ದಿಬ್ಬವನ್ನೂ ಚಪ್ಪಟೆ ಅರದಲ್ಲಿ ಇಳಿಸಬೇಕು, ಸುಮಾರು 0.65 ಮಿ.ಮೀ. ವ್ಯತ್ಯಾಸ ಉಳಿದರೆ ಸಾಕು. ಅದಕ್ಕಿಂತ ಇಳಿಸಿದರೆ ಸಾ ಕೈಯಲ್ಲಿ ಒದೆಯುತ್ತದೆ, ಆ ಒದೆತ ಮುಖಕ್ಕೇ ಬರುವುದು.

ಚೈನಿಗೆ ಸುಟ್ಟ ಇಂಜಿನ್ ಆಯಿಲ್ ಹಾಕುವವರ ಬಳಿ ನಾನು ಜಗಳವಾಡುತ್ತೇನೆ. ಅದರಲ್ಲಿ ಲೋಹದ ಹುಡಿ ಇರುತ್ತದೆ, ಆಯಿಲ್ ಪಂಪ್ ಕಟ್ಟುತ್ತದೆ, ಮತ್ತೆ ಅದು ಬೀಳುವುದು ನಿಮ್ಮದೇ ಕೆರೆಬದಿಯ ಮಣ್ಣಿಗೆ. ಚೈನ್ ಓಡುವ ಉದ್ದ ಪಟ್ಟಿಯ, ಅಂದರೆ ಬಾರಿನ, ತುದಿಯನ್ನು ಒಂದು ಅಡಿಕೆ ಹಾಳೆಯ ಮೇಲೆ ಹಿಡಿದು ವೇಗ ಕೊಟ್ಟರೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಬಾರ್ ಬಿಚ್ಚಿ, ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಅದರ ಕಾಲುವೆಯ ಕೆಸರು ಕೆರೆಯಿರಿ, ಹಾಕುವಾಗ ಬಾರನ್ನು ಮಗುಚಿ ಹಾಕಿ.

ಮಳೆಗಾಲಕ್ಕೆ ಎತ್ತಿಡುವವರು ಟ್ಯಾಂಕ್ ಬರಿದು ಮಾಡಿ, ಮಿಶನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ತೇವ ಇಲ್ಲ ಎನ್ನುವವರಿದ್ದಾರೆ. ಆ ಬಿಸಿಗೆ ರಬ್ಬರ್ ಒಣಗುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿದಿದ್ದರೆ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ. ರಿಪೇರಿಗೆ ತರುವಾಗ ಮಿಶನಿನ ಜತೆ ನಿಮ್ಮ ಪೆಟ್ರೋಲ್ ಕ್ಯಾನನ್ನೂ ತನ್ನಿ. ನಾನು ಸರಿಮಾಡಿ ಕಳಿಸಿದ್ದಕ್ಕೆ ಮನೆಯಲ್ಲಿ ಪುನಃ ಅದನ್ನೇ ಹೊಯ್ದರೆ ಮುಂದಿನ ವಾರ ಮತ್ತೆ ಬರಬೇಕಾಗುತ್ತದೆ, ಕೂಲಿಯೂ ಮತ್ತೆ ಕೊಡಬೇಕಾಗುತ್ತದೆ.