ಶಿರಸಿ ಚಳಿಯಲ್ಲಿ ವಾಕಿಂಗ್: ಒಂದೆರಡು ತಾಸು ತಡವಾಗಿ ಹೊರಡಿ

ಡಿಸೆಂಬರ್ ಬಂತೆಂದರೆ ಜನ ನನ್ನನ್ನು ಕೇಳುವುದು ಒಂದೇ ಮಾತು: 'ಮಾಸ್ತರೇ, ಚಳಿಯಲ್ಲಿ ವಾಕಿಂಗ್ ಬಿಡಬೇಕಾ?' ಬಿಡಬೇಡಿ. ಹೊತ್ತು ಬದಲಿಸಿ, ಸಾಕು. ನಾನು ನಿವೃತ್ತ ಪಿ.ಟಿ. ಮಾಸ್ತರ. ಬಿ.ಪಿ. ಮಾತ್ರೆ ನುಂಗುತ್ತೇನೆ, ಆದರೂ ಚಳಿಗಾಲದಲ್ಲಿ ನಡಿಗೆ ನಿಲ್ಲಿಸಿಲ್ಲ.

ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಮೂಡುವಾಗ ಏಳರ ಹತ್ತಿರ ಆಗಿರುತ್ತದೆ. ಐದಕ್ಕೇ ಹೊರಟರೆ ಕತ್ತಲು, ಮಂಜು, ಹೊಗೆ ಮೂರೂ ಒಟ್ಟಿಗೆ ಸಿಗುತ್ತವೆ. ಕತ್ತಲು, ಮಂಜು ಕಣ್ಣಿಗೆ ಕಾಣುತ್ತವೆ. ಹೊಗೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಕಾಲ. ಅಡಿಕೆ ಬೇಯಿಸುವ ಒಲೆ ಉರಿಯುತ್ತಿರುತ್ತದೆ, ಮನೆಮನೆಯ ಬಚ್ಚಲ ಒಲೆಗೂ ಬೆಂಕಿ ಬಿದ್ದಿರುತ್ತದೆ, ದಾರಿ ಬದಿಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಸುಡುವವರೂ ಇದ್ದಾರೆ. ಬೆಳಗಿನ ಜಾವ ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ. ಹಾಗಾಗಿ ಹೊಗೆ ಮೇಲೇಳದೆ ತೋಟದ ತಗ್ಗಿನಲ್ಲೇ ತಂಗುತ್ತದೆ. ಗುಡ್ಡದ ಮೇಲೆ ನಿಂತರೆ ಅಡಿಕೆ ಮರಗಳ ತಲೆ ಮಾತ್ರ ಕಾಣುತ್ತದೆ, ಕೆಳಗೆಲ್ಲ ನೀಲಿ ಪದರ. ಅದರೊಳಗೆ ಏದುಸಿರು ಬಿಡುತ್ತಾ ಓಡಿದರೆ ಎದೆಗೆ ಹೋಗುವುದು ಅದೇ. ಏಳೂವರೆಗೆ ಹೊರಡಿ. ಬಿಸಿಲು ಬಿದ್ದು ನೆಲ ಕಾಯ್ದಂತೆ ಹೊಗೆ ಚದುರುತ್ತದೆ.

ಹೊರಗೆ ಕಾಲಿಡುವ ಮೊದಲು ಜಗಲಿಯಲ್ಲೇ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ನಿಂತಲ್ಲೇ ನಡಿಗೆ, ಭುಜ ತಿರುಗಿಸುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಇಷ್ಟೇ. ಚಳಿಗೆ ರಕ್ತನಾಳ ಬಿಗಿಯುತ್ತವೆ, ಬಿ.ಪಿ. ಏರುತ್ತದೆ. ಆಗ ಒಮ್ಮೆಲೇ ಏರು ಹತ್ತಿದರೆ ಹೃದಯಕ್ಕೆ ಭಾರ ಜಾಸ್ತಿ. ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ ಅಲ್ಲೇ ನಿಲ್ಲಿ. 'ಗ್ಯಾಸ್ ಇರಬೇಕು' ಅಂತ ಕಷಾಯ ಕುಡಿದು ಮಲಗಬೇಡಿ, ದಯವಿಟ್ಟು. ತಡಮಾಡದೆ ಆಸ್ಪತ್ರೆಗೆ ಹೋಗಿ. ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ.

ದಮ್ಮು ಇರುವವರು ಮೂಗು, ಬಾಯಿಗೆ ತೆಳು ಶಾಲು ಸುತ್ತಿಕೊಳ್ಳಿ, ಮೂಗಿನಿಂದಲೇ ಉಸಿರಾಡಿ. ಡಾಕ್ಟರು ಕೊಟ್ಟ ಇನ್ಹೇಲರ್ ಜೇಬಿನಲ್ಲಿರಲಿ, ಮನೆಯ ಕಪಾಟಿನಲ್ಲಲ್ಲ.

ಒಂದೇ ದಪ್ಪ ಸ್ವೆಟರಿಗಿಂತ ಎರಡು ತೆಳು ಅಂಗಿ ಒಳ್ಳೆಯದು. ಮೈ ಬಿಸಿಯಾದಾಗ ಮೇಲಿನದನ್ನು ತೆಗೆದು ಸೊಂಟಕ್ಕೆ ಕಟ್ಟಬಹುದು. ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಹತ್ತಿ ಬನಿಯನ್ ಬೆವರು ಹೀರಿದರೆ ಬೇಗ ಒಣಗುವುದಿಲ್ಲ. ವಾಕಿಂಗ್ ಮುಗಿಸಿ ಅದೇ ಒದ್ದೆ ಬನಿಯನ್ನಿನಲ್ಲಿ ಚಹಾದಂಗಡಿ ಎದುರು ಅರ್ಧ ತಾಸು ಹರಟುತ್ತಾರೆ ನೋಡಿ, ನನಗೆ ಸಂಕಟವಾಗುವುದು ಅದಕ್ಕೇ. ಮೈ ನಡುಗುವುದು ಆವಾಗಲೇ. ಒಂದು ಒಣ ಅಂಗಿ ಚೀಲದಲ್ಲಿಟ್ಟುಕೊಳ್ಳಿ, ಮೊದಲು ಬದಲಿಸಿ, ಆಮೇಲೆ ಚಹಾ. ನೀರನ್ನೂ ಕುಡಿಯಿರಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಅಷ್ಟೇ.

ಇಬ್ಬನಿ ಬಿದ್ದ ಪಾಚಿಗಲ್ಲು, ದರಕು ಮುಚ್ಚಿದ ಗುಂಡಿ, ಇವೆರಡರ ಮೇಲೆ ಕಣ್ಣಿರಲಿ. ಮಂಜಿದ್ದ ದಿನ ಬಿಳಿ ಅಂಗಿ ಹಾಕಿ, ಎದುರಿಂದ ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ.

ಕಾರವಾರ, ಕುಮಟಾ ಕಡೆಯವರಿಗೆ ಇಷ್ಟೆಲ್ಲ ಬೇಡ. ಕಡಲ ಬದಿಯಲ್ಲಿ ಚಳಿ ಕಡಿಮೆ, ಸೂರ್ಯ ಮೂಡಿದ ಕೂಡಲೇ ಹೊರಡಬಹುದು.

ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದ ದಿನ ಎಲ್ಲಿಯವರಾದರೂ ಮನೆಯಲ್ಲೇ ಇರಿ. ಬರೀ ಮೂಗು ಸೋರುತ್ತಿದ್ದರೆ ನಿಧಾನಕ್ಕೆ ನಡೆಯಬಹುದು, ಓಡುವುದು ಬೇಡ.