ಸೀಬೆ ಎಲೆಯ ಸಾರ ವಸಡಿನ ಊತಕ್ಕೆ ಮದ್ದೇ? ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಕ್ರಮ

ವಸಡು ಊದಿಕೊಂಡು ಹಲ್ಲುಜ್ಜುವಾಗ ರಕ್ತ ಕಾಣಿಸಿದರೆ ಸೀಬೆಯ ಚಿಗುರೆಲೆ ಅಗಿದು ಉಗಿಯುವುದು, ಇಲ್ಲವೇ ಎಲೆ ಕುದಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುವುದು ಮಂಡ್ಯ, ಮೈಸೂರು ಸೀಮೆಯ ಹಲವು ಮನೆಗಳಲ್ಲಿ ಇಂದಿಗೂ ಉಳಿದಿರುವ ರೂಢಿ. ದಂತವೈದ್ಯಕೀಯ ಮತ್ತು ಫಾರ್ಮಸಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುವಾಗ ಇಂಥ ರೂಢಿಗಳ ಕಡೆಗೆ ಕಣ್ಣು ಹಾಯಿಸುವುದು ಸಹಜವೇ. ಸಾರವನ್ನು ಜೀವಕೋಶಗಳ ಮೇಲೆ ಹಾಕಿ ಒಳ್ಳೆಯ ಫಲಿತಾಂಶ ಪಡೆಯುವುದು ಅಷ್ಟೇನೂ ಕಷ್ಟವಲ್ಲ. ಆ ಫಲಿತಾಂಶ ಸಾರದ ಗುಣದಿಂದಲೇ ಬಂದಿತೆಂದು, ಬೇರೆ ಯಾವ ಕಾರಣವೂ ಅದರ ಹಿಂದೆ ಅಡಗಿಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೇ ಸಂಶೋಧನೆಯ ಬಹುಪಾಲು ಶ್ರಮ ಹೋಗುತ್ತದೆ. ಇಲ್ಲಿ ಸೀಬೆ ಎಲೆಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದರೂ ಬೇವು, ದಾಳಿಂಬೆ ಸಿಪ್ಪೆ, ಒಂದೆಲಗ ಯಾವುದಕ್ಕಾದರೂ ಕ್ರಮ ಇದೇ.

ಏನನ್ನು ಅಳೆಯಬೇಕು

ಹಲ್ಲಿನ ಬುಡದಲ್ಲಿ ಕಟ್ಟಿಕೊಳ್ಳುವ ಪಾಚಿಯಲ್ಲಿರುವ ಪಾರ್ಫೈರೊಮೊನಾಸ್ ಜಿಂಜಿವಾಲಿಸ್‌ನಂಥ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್, ಅಂದರೆ ಎಲ್‌ಪಿಎಸ್, ಎಂಬ ವಸ್ತುವಿರುತ್ತದೆ. ವಸಡಿನ ಜೀವಕೋಶಗಳು ಇದನ್ನು ಗುರುತಿಸಿದ ಕೂಡಲೇ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8, ಪ್ರೊಸ್ಟಗ್ಲಾಂಡಿನ್ ಮುಂತಾದ ಸಂದೇಶವಾಹಕಗಳನ್ನು ಹೊರಬಿಡುತ್ತವೆ. ರಕ್ತನಾಳಗಳು ಹಿಗ್ಗಿ, ಬಿಳಿ ರಕ್ತಕಣಗಳು ಬಂದು ಸೇರಿ, ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಪಾಚಿ ತೆಗೆದರೆ ಈ ಹಂತದ ಉರಿಯೂತ ಇಳಿದುಹೋಗುತ್ತದೆ. ಹಾಗೆಯೇ ಬಿಟ್ಟರೆ ಹಲವರಲ್ಲಿ ಅದು ಆಳಕ್ಕಿಳಿದು, ಹಲ್ಲನ್ನು ಹಿಡಿದಿರುವ ಕೊಲಾಜನ್ ನಾರುಗಳೂ ದವಡೆಯ ಮೂಳೆಯೂ ಕರಗತೊಡಗುತ್ತವೆ. ಗಾಯ ಮಾಯುವುದಕ್ಕೂ ಒಂದಿಷ್ಟು ಉರಿಯೂತ ಬೇಕೇ ಬೇಕು. ಅದನ್ನು ಪೂರ್ತಿ ಅಡಗಿಸುವ ಸಾರ ಒಳ್ಳೆಯ ಮದ್ದೆಂದು ಹೇಳಲಾಗದು. ಆದ್ದರಿಂದ ಊತ ಇಳಿಯುವುದನ್ನೂ ಅಂಗಾಂಶ ಮತ್ತೆ ಕಟ್ಟಿಕೊಳ್ಳುವುದನ್ನೂ ಬೇರೆಬೇರೆಯಾಗಿ ಅಳೆಯಬೇಕಾಗುತ್ತದೆ.

ಮೊದಲ ಹಂತ: ಎಲೆಯನ್ನು ಗುರುತಿಸಿ ತರುವುದು

ಎಲೆ ಎಲ್ಲಿಂದ ಬಂತು, ಯಾವ ತಿಂಗಳಲ್ಲಿ ಕಿತ್ತದ್ದು, ಚಿಗುರೋ ಬಲಿತದ್ದೋ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಎಲೆಯೊಳಗಿನ ರಾಸಾಯನಿಕಗಳ ಪ್ರಮಾಣ ಇವುಗಳೊಂದಿಗೆ ಬದಲಾಗುತ್ತದೆ. ನಾಲೆಯ ಬಯಲಿನಲ್ಲಿ ಕಬ್ಬು, ಭತ್ತದ ಗದ್ದೆಗಳ ಬದುವಿನಲ್ಲಿರುವ ಮರವಾದರೆ ಪಕ್ಕದ ಹೊಲಕ್ಕೆ ಹೊಡೆದ ಔಷಧಿ ಎಲೆಯ ಮೇಲೂ ಬಿದ್ದಿರಬಹುದು. ಹಿತ್ತಲ ಮರವೇ ಮೇಲು. ಹೂವು ಅಥವಾ ಕಾಯಿ ಇರುವ ಒಂದು ಟೊಂಗೆಯನ್ನು ಒತ್ತಿ ಒಣಗಿಸಿ, ಸಸ್ಯಶಾಸ್ತ್ರಜ್ಞರಿಂದ ಗುರುತಿಸಿಕೊಂಡು, ಒಣ ಸಸ್ಯಗಳ ಸಂಗ್ರಹವಾದ ಹರ್ಬೇರಿಯಂನಲ್ಲಿ ಸಂಖ್ಯೆ ಪಡೆದು ಇಡಬೇಕು. ಸೀಬೆಯಂಥ ಮರಕ್ಕೆ ಇದೆಲ್ಲ ಅತಿಯಾಯಿತೆಂದು ಅನ್ನಿಸಬಹುದು. ಆದರೆ ಬ್ರಾಹ್ಮಿ ಎಂದು ಅಂಗಡಿಯಲ್ಲಿ ಕೇಳಿದರೆ ಒಬ್ಬರು ಒಂದೆಲಗವನ್ನೂ ಇನ್ನೊಬ್ಬರು ನೀರುಬ್ರಾಹ್ಮಿಯನ್ನೂ ಕೊಡುವ ನಾಡಿನಲ್ಲಿ ಈ ಎಚ್ಚರ ಅಭ್ಯಾಸವಾಗಿಬಿಡುವುದು ಒಳ್ಳೆಯದು.

ಎರಡನೆಯ ಹಂತ: ಸಾರ ತೆಗೆಯುವುದು

ತೊಳೆದ ಎಲೆಯನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ, ದ್ರಾವಕದಲ್ಲಿ ನೆನೆಸಬೇಕು ಅಥವಾ ಸಾಕ್ಸ್‌ಲೆಟ್ ಉಪಕರಣದಲ್ಲಿ ಮತ್ತೆಮತ್ತೆ ಹರಿಸಬೇಕು. 1879ರಿಂದ ಬಳಕೆಯಲ್ಲಿರುವ ಈ ಗಾಜಿನ ಉಪಕರಣದಲ್ಲಿ ಆವಿಯಾದ ದ್ರಾವಕವೇ ತಣಿದು ಪುಡಿಯ ಮೇಲೆ ತಿರುಗಿ ಬೀಳುತ್ತಿರುತ್ತದೆ. ಶಾಖಕ್ಕೆ ಕೆಡುವ ಘಟಕಗಳಿದ್ದರೆ ನೆನೆಸುವ ವಿಧಾನವೇ ಸರಿ.

ಯಾವ ದ್ರಾವಕ ಎಂಬುದನ್ನು ಹಲವರು ಯೋಚಿಸದೆ ತೀರ್ಮಾನಿಸುತ್ತಾರೆಂಬುದು ಈ ಲೇಖಕನ ಅಭಿಪ್ರಾಯ. ಮನೆಯಲ್ಲಿ ಜನ ಬಳಸುವುದು ನೀರಿನ ಕಷಾಯವನ್ನು. ಪ್ರಬಂಧದಲ್ಲಿ ಪರೀಕ್ಷೆಯಾಗುವುದು ಅನೇಕ ಸಲ ಮೆಥನಾಲ್ ಸಾರ. ಎರಡರಲ್ಲಿ ಕರಗಿ ಬರುವ ವಸ್ತುಗಳು ಒಂದೇ ಅಲ್ಲವಾದ್ದರಿಂದ, ಮೆಥನಾಲ್ ಸಾರದ ಫಲಿತಾಂಶವನ್ನು ಮುಂದಿಟ್ಟು ಅಜ್ಜಿಯ ಕಷಾಯ ಸಾಬೀತಾಯಿತು ಎಂದು ಬರೆಯಲು ಬರುವುದಿಲ್ಲ. ನೀರಿನ ಸಾರ ಮತ್ತು ಶೇ 70ರ ಎಥನಾಲ್ ಸಾರ ಎರಡನ್ನೂ ಜೊತೆಯಲ್ಲಿ ಪರೀಕ್ಷಿಸುವುದು ನ್ಯಾಯವಾದ ದಾರಿ. ದ್ರಾವಕವನ್ನು ರೋಟರಿ ಇವ್ಯಾಪೊರೇಟರ್‌ನಲ್ಲಿ ತೆಗೆದು, ಉಳಿದ ನೀರನ್ನು ಫ್ರೀಜ್ ಡ್ರೈಯರ್‌ನಲ್ಲಿ ಹೀರಿಸಿ, ಸಿಕ್ಕ ಪುಡಿಯನ್ನು ತೂಗಿ, ಮೈನಸ್ 20 ಡಿಗ್ರಿಯಲ್ಲಿ ಬೆಳಕು ತಾಗದಂತೆ ಇಡಬೇಕು. ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಉಪಕರಣದಲ್ಲಿ ಕ್ವೆರ್ಸೆಟಿನ್‌ನಂಥ ಗೊತ್ತಿರುವ ಘಟಕದ ಪ್ರಮಾಣವನ್ನು ಅಳೆದಿಟ್ಟರೆ ಮುಂದಿನ ವರ್ಷ ತಯಾರಿಸುವ ಸಾರವನ್ನು ಇದಕ್ಕೆ ಹೋಲಿಸಬಹುದು. ಇಂಥ ವಿಶ್ಲೇಷಣೆ ಬಲ್ಲವರನ್ನು ಹುಡುಕಿಕೊಂಡು ಮೈಸೂರಿನವರು ದೂರ ಹೋಗಬೇಕಿಲ್ಲ. ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 1950ರಿಂದ ಇಲ್ಲಿದೆ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ವಿಭಾಗಗಳೂ ಇವೆ.

ಮೂರನೆಯ ಹಂತ: ವಸಡಿನ ಜೀವಕೋಶ

ವಕ್ರದಂತ ಚಿಕಿತ್ಸೆಗಾಗಿ ಅಥವಾ ಬುದ್ಧಿಹಲ್ಲಿನ ತೊಂದರೆಗಾಗಿ ಹಲ್ಲು ಕೀಳಿಸಿಕೊಳ್ಳುವವರಿಂದ, ಹೇಗೂ ಬಿಸಾಡಬೇಕಾದ ವಸಡಿನ ಚೂರನ್ನು ಪಡೆಯಲಾಗುತ್ತದೆ. ಇದಕ್ಕೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆಯೂ ರೋಗಿಯ ಲಿಖಿತ ಸಮ್ಮತಿಯೂ ಮೊದಲೇ ಇರಬೇಕು. ಚೂರಿನಿಂದ ಹೊರಬರುವ, ಕೊಲಾಜನ್ ತಯಾರಿಸುವ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಪೋಷಕ ದ್ರವದಲ್ಲಿ, 37 ಡಿಗ್ರಿ ಶಾಖ ಮತ್ತು ಶೇ 5ರ ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಬೆಳೆಸುತ್ತಾರೆ. ಕನಿಷ್ಠ ಮೂವರ ಕೋಶಗಳಾದರೂ ಬೇಕು. ಒಬ್ಬರ ಕೋಶವನ್ನೇ ತಟ್ಟೆಯ ಒಂಬತ್ತು ಗುಳಿಗಳಲ್ಲಿ ಹಾಕಿ ಒಂಬತ್ತು ಮಾದರಿ ಎಂದು ಲೆಕ್ಕ ತೋರಿಸುವ ಪದ್ಧತಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಅದು ಒಂದೇ ಮಾದರಿ.

ನಾಲ್ಕನೆಯ ಹಂತ: ಸಾರ ಕೋಶವನ್ನು ಕೊಲ್ಲುತ್ತದೆಯೇ

ಊತದ ಮಾತಿಗೆ ಮೊದಲು ಈ ಪ್ರಶ್ನೆ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶಗಳನ್ನು ಹರಡಿ, ಮಿಲಿಲೀಟರಿಗೆ 12.5 ಮೈಕ್ರೊಗ್ರಾಮ್‌ನಿಂದ ಇಮ್ಮಡಿಸುತ್ತಾ 200ರವರೆಗೆ ಸಾರವನ್ನು ಹಾಕಿ, 24 ಗಂಟೆಯ ಬಳಿಕ ಎಂಟಿಟಿ ಎಂಬ ಹಳದಿ ಬಣ್ಣದ ದ್ರಾವಣವನ್ನು ಸೇರಿಸುತ್ತಾರೆ. ಬದುಕಿರುವ ಕೋಶಗಳು ಅದನ್ನು ನೇರಳೆ ಹರಳುಗಳಾಗಿ ಬದಲಾಯಿಸುತ್ತವೆ. ಹರಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ 570 ನ್ಯಾನೊಮೀಟರ್ ತರಂಗಾಂತರದಲ್ಲಿ ಬಣ್ಣದ ಗಾಢತೆಯನ್ನು ಅಳೆಯುತ್ತಾರೆ. ಸಾರ ಹಾಕದ ಕೋಶಗಳಿಗೆ ಹೋಲಿಸಿದಾಗ ಬದುಕುಳಿಯುವಿಕೆ ಶೇ 70ಕ್ಕಿಂತ ಕೆಳಗಿಳಿದರೆ ಐಎಸ್‌ಒ 10993-5 ಮಾನದಂಡದ ಪ್ರಕಾರ ಆ ಪ್ರಮಾಣವನ್ನು ಕೋಶಕ್ಕೆ ಹಾನಿಕರವೆಂದು ಎಣಿಸಲಾಗುತ್ತದೆ. ಸಾರವನ್ನು ಕರಗಿಸಲು ಡಿಎಂಎಸ್‌ಒ ಬಳಸಿದ್ದರೆ, ಅಷ್ಟೇ ಡಿಎಂಎಸ್‌ಒ ಹಾಕಿದ ಹೋಲಿಕೆಯ ಗುಳಿಗಳೂ ಇರಬೇಕು.

ಇಲ್ಲಿಯೇ ಮೊದಲ ಮೋಸ ಕಾದಿರುತ್ತದೆ. ಒಂದೂ ಜೀವಕೋಶವಿಲ್ಲದ ಗುಳಿಗೆ ಪೋಷಕ ದ್ರವ, ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ಇಟ್ಟು ನೋಡಿದರೆ, ಸಾರ ಹೆಚ್ಚಿರುವ ಗುಳಿಗಳಲ್ಲಿ ಹಳದಿ ಮಾಸಿ ತಳದಲ್ಲಿ ನೇರಳೆ ಕಾಣಿಸಿಕೊಳ್ಳುವುದುಂಟು. ಸೀಬೆ ಎಲೆಯಲ್ಲಿ ಹೇರಳವಾಗಿರುವ ಪಾಲಿಫೀನಾಲ್ ಎಂಬ ರಾಸಾಯನಿಕಗಳು ಕೋಶದ ನೆರವಿಲ್ಲದೆಯೇ ಎಂಟಿಟಿಯನ್ನು ಅಪಕರ್ಷಿಸಬಲ್ಲವು, ಅಂದರೆ ಎಲೆಕ್ಟ್ರಾನ್ ಕೊಟ್ಟು ನೇರಳೆಯಾಗಿಸಬಲ್ಲವು. ಸತ್ತ ಕೋಶಗಳ ತಟ್ಟೆಯೂ ಆಗ ಜೀವಂತವೆಂದು ಓದಿಸಿಕೊಳ್ಳುತ್ತದೆ. ಎಂಟಿಟಿ ಹಾಕುವ ಮೊದಲು ಸಾರವನ್ನು ತೊಳೆದು ತೆಗೆಯುವುದು, ಕೋಶರಹಿತ ಗುಳಿಗಳ ಅಳತೆಯನ್ನು ಕಳೆಯುವುದು, ಕೋಶಗಳನ್ನು ನೇರವಾಗಿ ಎಣಿಸಿ ತಾಳೆ ನೋಡುವುದು, ಈ ಮೂರನ್ನೂ ಮಾಡಬೇಕು. ಅರಿಶಿನದ ವಿಷಯದಲ್ಲಂತೂ ತೊಡಕು ಇನ್ನೂ ದೊಡ್ಡದು. ಅದರಲ್ಲಿರುವ ಕರ್ಕ್ಯುಮಿನ್‌ಗೆ ತನ್ನದೇ ಗಾಢ ಬಣ್ಣವೂ ಪ್ರತಿದೀಪ್ತಿಯೂ (ಬೆಳಕು ಬಿದ್ದಾಗ ತಾನೂ ಬೆಳಕು ಸೂಸುವ ಗುಣ) ಇದೆ, ಪೋಷಕ ದ್ರವದಲ್ಲಿ ಬೇಗ ಒಡೆದುಹೋಗುತ್ತದೆ. ಅದು ಅನೇಕ ಪರೀಕ್ಷೆಗಳಲ್ಲಿ ಹುಸಿ ಫಲಿತಾಂಶ ಕೊಡುತ್ತದೆಂದು ಔಷಧ ರಸಾಯನಶಾಸ್ತ್ರಜ್ಞರು 2017ರಲ್ಲಿ ವಿವರವಾಗಿಯೇ ಎಚ್ಚರಿಸಿದ್ದಾರೆ.

ಐದನೆಯ ಹಂತ: ಊತದ ಸಂದೇಶಗಳನ್ನು ಅಳೆಯುವುದು

ಹಾನಿಯಿಲ್ಲವೆಂದು ತಿಳಿದ ಪ್ರಮಾಣಗಳನ್ನಷ್ಟೇ ಮುಂದಕ್ಕೆ ಒಯ್ಯಬೇಕು. ಕೋಶಗಳಿಗೆ ಎಲ್‌ಪಿಎಸ್ ಕೊಟ್ಟು ಕೆರಳಿಸಿ, ಸಾರ ಸೇರಿಸಿ, ನಿಗದಿತ ಹೊತ್ತಿನ ಬಳಿಕ ಮೇಲಿನ ದ್ರವವನ್ನು ತೆಗೆದು, ಪ್ರತಿಕಾಯಗಳ ನೆರವಿನಿಂದ ಅಳೆಯುವ ಎಲೈಸಾ ವಿಧಾನದಲ್ಲಿ ಇಂಟರ್‌ಲ್ಯೂಕಿನ್-6 ಮತ್ತು 8ರ ಪ್ರಮಾಣವನ್ನು ಅಳೆಯುತ್ತಾರೆ. ಏನೂ ಹಾಕದ ಕೋಶ, ಎಲ್‌ಪಿಎಸ್ ಮಾತ್ರ ಹಾಕಿದ ಕೋಶ, ಸಾರ ಮಾತ್ರ ಹಾಕಿದ ಕೋಶ, ಎಲ್‌ಪಿಎಸ್ ಜೊತೆಗೆ ಊತ ಇಳಿಸುವುದೆಂದು ಗೊತ್ತಿರುವ ಔಷಧ ಡೆಕ್ಸಾಮೆಥಸೋನ್ ಹಾಕಿದ ಕೋಶ, ಇವೆಲ್ಲ ಅದೇ ತಟ್ಟೆಯಲ್ಲಿ ಇರಬೇಕು.

ಸಾರವನ್ನು ಯಾವಾಗ ಕೊಡಬೇಕೆಂಬುದು ಸಣ್ಣ ಸಂಗತಿಯಲ್ಲ. ಎಲ್‌ಪಿಎಸ್‌ಗಿಂತ ಮೊದಲೇ ಸಾರ ಕೊಟ್ಟರೆ ಫಲಿತಾಂಶ ಚೆನ್ನಾಗಿ ಕಾಣುವ ಸಂಭವ ಹೆಚ್ಚು. ಆದರೆ ದಂತವೈದ್ಯರ ಬಳಿ ರೋಗಿ ಬರುವುದು ವಸಡು ಊದಿದ ಮೇಲೆ. ಕೆರಳಿದ ಕೋಶಗಳಿಗೆ ತಡವಾಗಿ ಸಾರ ಕೊಡುವ ಪ್ರಯೋಗವನ್ನೂ ಮಾಡದಿದ್ದರೆ ಆ ರೋಗಿಯ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ.

ಇಂಟರ್‌ಲ್ಯೂಕಿನ್ ಕಡಿಮೆಯಾಗಿದ್ದು ಕಂಡೊಡನೆ ಹಿಗ್ಗದೆ ಕೆಲವು ಅನುಮಾನಗಳನ್ನು ಪರಿಹರಿಸಿಕೊಳ್ಳಬೇಕು. ಕೋಶಗಳೇ ಸತ್ತಿದ್ದರೆ ಸಂದೇಶವೂ ಹೊರಡುವುದಿಲ್ಲ. ಅದೇ ತಟ್ಟೆಯಲ್ಲಿ ಬದುಕುಳಿದ ಕೋಶಗಳ ಲೆಕ್ಕ ಬೇಕು. ಸೀಬೆ ಎಲೆಯ ಒಗರಿಗೆ ಕಾರಣವಾದ ಟ್ಯಾನಿನ್‌ಗಳು ಪ್ರೋಟೀನ್‌ಗಳಿಗೆ ಅಂಟಿಕೊಳ್ಳುವುದರಿಂದ ಅವು ಎಲೈಸಾದ ಪ್ರತಿಕಾಯಗಳಿಗೇ ಅಡ್ಡಿಯಾಗಬಹುದು. ಸಾರವಿರುವ ದ್ರವಕ್ಕೆ ಗೊತ್ತಿರುವಷ್ಟು ಇಂಟರ್‌ಲ್ಯೂಕಿನ್-6 ಸೇರಿಸಿ, ಅಷ್ಟೂ ಮರಳಿ ಅಳತೆಗೆ ಸಿಗುತ್ತದೆಯೇ ನೋಡಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಎಲೆಯೇ ಹೊತ್ತು ತರುವ ಎಲ್‌ಪಿಎಸ್. ಎಲೆಯ ಮೇಲಿನ ಬ್ಯಾಕ್ಟೀರಿಯಾಗಳು ಸತ್ತರೂ ಅವುಗಳ ಎಲ್‌ಪಿಎಸ್ ಸಾರದಲ್ಲಿ ಉಳಿಯುತ್ತದೆ. ಕುದಿಸಿದರೂ ಆಟೊಕ್ಲೇವ್ ಮಾಡಿದರೂ ನಾಶವಾಗದು, 0.22 ಮೈಕ್ರಾನ್ ಸೋಸುಕವನ್ನೂ ದಾಟಿ ಬರುತ್ತದೆ. ಉರಿಯೂತದ ಪ್ರಯೋಗಗಳಲ್ಲಿ ಬಳಸುವ, ಬ್ಯಾಕ್ಟೀರಿಯಾ ನುಂಗುವ ಮ್ಯಾಕ್ರೋಫೇಜ್ ಕೋಶಗಳು ಒಮ್ಮೆ ಎಲ್‌ಪಿಎಸ್ ಕಂಡ ಮೇಲೆ ಎರಡನೆಯ ಸಲಕ್ಕೆ ಅಷ್ಟಾಗಿ ಕೆರಳುವುದಿಲ್ಲ. ಹೀಗಾಗಿ, ಕೊಳೆಯಾದ ಸಾರವನ್ನು ಮೊದಲು ಕೊಟ್ಟು ಆಮೇಲೆ ಎಲ್‌ಪಿಎಸ್ ಕೊಟ್ಟವರಿಗೆ ಊತ ಇಳಿಸುವ ಗುಣ ಕಾಣಿಸಬಹುದು, ಎಲೆಯಲ್ಲಿ ಅಂಥ ಗುಣವೇ ಇಲ್ಲದಿದ್ದರೂ. ಎಲ್‌ಪಿಎಸ್ ಪತ್ತೆಹಚ್ಚುವ ಎಲ್‌ಎಎಲ್ ಪರೀಕ್ಷೆಯಿಂದ ಪ್ರತಿ ಸಾರದ ಎಂಡೊಟಾಕ್ಸಿನ್ (ಅಂದರೆ ಎಲ್‌ಪಿಎಸ್) ಪ್ರಮಾಣವನ್ನು ಅಳೆಯದ ಪ್ರಬಂಧವನ್ನು ಮಾರ್ಗದರ್ಶಕರು ಹಿಂದಿರುಗಿಸಿದರೆ ತಪ್ಪಿಲ್ಲ.

ಆರನೆಯ ಹಂತ: ದುರಸ್ತಿ

ತಟ್ಟೆಯ ತಳವನ್ನು ಪೂರ್ತಿ ಹೊದ್ದುಕೊಂಡ ಕೋಶಗಳ ಪದರದ ಮೇಲೆ 200 ಮೈಕ್ರೊಲೀಟರ್ ಪಿಪೆಟ್ ತುದಿಯಿಂದ ಒಂದು ನೇರ ಗೀರು ಎಳೆದು, ಕಿತ್ತುಬಂದ ಕೋಶಗಳನ್ನು ತೊಳೆದು, ಆಗಲೇ ಒಂದು ಚಿತ್ರ ತೆಗೆಯಬೇಕು. ಸೂಕ್ಷ್ಮದರ್ಶಕದಲ್ಲಿ ಎರಡು ದಡಗಳ ನಡುವೆ ಬರಿದಾದ ಪಟ್ಟಿ ಕಾಣುತ್ತದೆ. ಕೆಲವು ಗಂಟೆಗಳಲ್ಲಿ ದಡದ ಕೋಶಗಳು ನೀಳವಾಗಿ ಚಾಚಿಕೊಂಡು ಒಂದೊಂದಾಗಿ ಬಯಲಿಗೆ ಇಳಿಯುತ್ತವೆ. ತಟ್ಟೆಯ ಹಿಂಬದಿಯಲ್ಲಿ ಪೆನ್ನಿನ ಗುರುತು ಹಾಕಿಕೊಂಡು, 24 ಗಂಟೆಯ ಬಳಿಕ ಅದೇ ಜಾಗದ ಚಿತ್ರವನ್ನೇ ತೆಗೆದು, ಇಮೇಜ್‌ಜೆ ತಂತ್ರಾಂಶದಲ್ಲಿ ಬರಿದಾದ ಭಾಗದ ವಿಸ್ತೀರ್ಣವನ್ನು ಲೆಕ್ಕ ಹಾಕುತ್ತಾರೆ. ಕೋಶಗಳು ಸರಿದು ಮುಚ್ಚಿದವೋ, ಸಂಖ್ಯೆ ಹೆಚ್ಚಿ ಮುಚ್ಚಿದವೋ ತಿಳಿಯಬೇಕಾದರೆ, ಕೋಶ ಬೆಳೆಯಲೆಂದು ಪೋಷಕ ದ್ರವಕ್ಕೆ ಸೇರಿಸುವ ಸೀರಂ ಕಡಿಮೆ ಮಾಡಬೇಕು ಅಥವಾ ವಿಭಜನೆ ತಡೆಯುವ ಮೈಟೊಮೈಸಿನ್-ಸಿ ಬಳಸಬೇಕು.

ಗೀರು ಮುಚ್ಚಿದ ಮಾತ್ರಕ್ಕೆ ವಸಡು ಮಾಯ್ದಂತಲ್ಲ. ಕೊಲಾಜನ್ ಎಷ್ಟು ತಯಾರಾಯಿತೆಂದು ಸಿರಿಯಸ್ ರೆಡ್ ಬಣ್ಣದಿಂದಲೂ, ಹಲ್ಲನ್ನು ಮೂಳೆಗೆ ಹಿಡಿದಿಡುವ ನಾರಿನ ಕೋಶಗಳು ಖನಿಜ ಕಟ್ಟುತ್ತವೆಯೇ ಎಂದು ಸುಮಾರು ಮೂರು ವಾರಗಳ ಬಳಿಕ ಅಲಿಜರಿನ್ ರೆಡ್‌ನಿಂದಲೂ ನೋಡಬೇಕು.

ಮುಂದೆ ಪ್ರಾಣಿ, ಆಮೇಲೆ ಮನುಷ್ಯ

ಇಲಿಯ ಹಲ್ಲಿಗೆ ದಾರ ಕಟ್ಟಿ ವಸಡಿನ ರೋಗ ಬರಿಸಿ ನಡೆಸುವ ಪ್ರಯೋಗಕ್ಕೆ ಪ್ರಾಣಿ ಪ್ರಯೋಗಗಳ ನೈತಿಕ ಸಮಿತಿಯ ಅನುಮತಿ ಕಡ್ಡಾಯ. ಕೋಶಗಳಲ್ಲಿ ಸ್ಪಷ್ಟ ಉತ್ತರ ಸಿಗದ ಸಾರವನ್ನು ಅಲ್ಲಿಗೆ ಒಯ್ಯಬಾರದು.

ಮನುಷ್ಯರ ಮೇಲಿನ ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐ ಜಾಲತಾಣದಲ್ಲಿ ನೋಂದಣಿ ಆಗಿರಬೇಕು. ಕೋಶಗಳು 24 ಗಂಟೆ ಸಾರದಲ್ಲಿ ಮುಳುಗಿದ್ದವು. ಬಾಯಿಯಲ್ಲಿ ಮುಕ್ಕಳಿಸುವ ದ್ರವ ನಿಲ್ಲುವುದು ಒಂದು ನಿಮಿಷವೂ ಇಲ್ಲ, ಅದೂ ಜೊಲ್ಲಿನಲ್ಲಿ ತೊಳೆದುಹೋಗುತ್ತದೆ. ಆದ್ದರಿಂದ ವಸಡಿನ ಸಂದಿಯಲ್ಲಿ ನಿಲ್ಲುವ ಜೆಲ್ ರೂಪವನ್ನು ಯೋಚಿಸಬೇಕಾಗಬಹುದು. ಊತವನ್ನು 1963ರಲ್ಲಿ ಲೋ ಮತ್ತು ಸಿಲ್‌ನೆಸ್ ರೂಪಿಸಿದ ಜಿಂಜಿವಲ್ ಇಂಡೆಕ್ಸ್‌ನಿಂದ, ಸೊನ್ನೆಯಿಂದ ಮೂರರವರೆಗಿನ ಅಂಕಗಳಲ್ಲಿ, ಗುರುತಿಸುತ್ತಾರೆ. ಡೆನ್ಮಾರ್ಕಿನಲ್ಲಿ 1965ರಲ್ಲಿ ಪ್ರಕಟವಾದ ಹೆಸರಾಂತ ಪ್ರಯೋಗದಲ್ಲಿ ಹಲ್ಲುಜ್ಜುವುದನ್ನು ನಿಲ್ಲಿಸಿದವರೆಲ್ಲರಿಗೂ ಎರಡು ಮೂರು ವಾರಗಳಲ್ಲಿ ವಸಡು ಊದಿತು, ಮತ್ತೆ ಉಜ್ಜತೊಡಗಿದ ಮೇಲೆ ಇಳಿಯಿತು. ಅಂದರೆ ಪ್ರಯೋಗಕ್ಕೆ ಬಂದವರು ವೈದ್ಯರು ನೋಡುತ್ತಾರೆಂಬ ಕಾರಣಕ್ಕೆ ಚೆನ್ನಾಗಿ ಹಲ್ಲುಜ್ಜಿದರೂ ಸಾಕು, ಊತ ಕಡಿಮೆಯಾಗುತ್ತದೆ. ಎರಡೂ ಗುಂಪಿಗೆ ಹಲ್ಲು ಶುಚಿಗೊಳಿಸಿ, ಒಂದೇ ಬಗೆಯ ಬ್ರಷ್ ಕೊಟ್ಟು, ಯಾರಿಗೆ ಯಾವ ಜೆಲ್ ಎಂದು ಪರೀಕ್ಷಿಸುವ ವೈದ್ಯರಿಗೂ ತಿಳಿಯದಂತೆ ನಡೆಸುವುದು ಇದಕ್ಕಾಗಿಯೇ. ಸಾರವಿಲ್ಲದ ಜೆಲ್‌ಗೂ ಅದೇ ಕಂದು ಹಸಿರು ಬಣ್ಣ, ಅದೇ ಒಗರು ಬರುವಂತೆ ಮಾಡಬೇಕು. ಅದಕ್ಕೆ ಟ್ಯಾನಿನ್ ಬಳಸಿದರೆ ಹೋಲಿಕೆಯೇ ಕೆಡುವುದರಿಂದ, ಕೋಶಗಳ ಮೇಲೆ ಯಾವ ಪರಿಣಾಮವೂ ಇಲ್ಲವೆಂದು ನಾಲ್ಕು ಮತ್ತು ಐದನೆಯ ಹಂತಗಳಲ್ಲಿ ತೋರಿಸಿಕೊಂಡ ಬಣ್ಣ, ರುಚಿಗಳನ್ನಷ್ಟೇ ಅದಕ್ಕೆ ಸೇರಿಸಬೇಕು.